ಮರಳಿ ಬರುವಷ್ಟು ಕಾಲು

ನಿವೃತ್ತನಾದವನು ನಡೆದರೆ ಯಾರೂ ಏನೂ ಕೇಳುವುದಿಲ್ಲ. ಓಡಿದರೆ ಊರೆಲ್ಲ ಕೇಳುತ್ತದೆ. ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ನಾನು ಮೊದಲ ಸಲ ಓಡತೊಡಗಿದ ಬೆಳಗು, ಹಳೆಯ ವಿದ್ಯಾರ್ಥಿಯೊಬ್ಬ ಗಾಡಿ ನಿಲ್ಲಿಸಿ, “ಏನಾಯ್ತ್ರೀ ಸರ, ಮನಿಯಾಗ ಯಾರಿಗರ ಆರಾಮಿಲ್ಲೇನ್ರಿ?” ಎಂದು ಗಾಬರಿಯಿಂದ ವಿಚಾರಿಸಿದ. ಮುದುಕನ ಓಟಕ್ಕೆ ನಮ್ಮಲ್ಲಿರುವ ಅರ್ಥ ಅದೊಂದೇ.

ಆರಾಮಿಲ್ಲದವನು ನಾನೇ ಆಗಿದ್ದೆ. ನಿವೃತ್ತಿಯ ನಂತರದ ಎರಡು ವರ್ಷ ಕುರ್ಚಿ, ಪತ್ರಿಕೆ, ಚಹಾ ಇಷ್ಟರಲ್ಲೇ ಕಳೆದಿತ್ತು. ಒಂದು ಮದುವೆಯಲ್ಲಿ ನೆಲದ ಪಂಕ್ತಿಗೆ ಕುಳಿತು ಸೊಗಸಾಗಿ ಉಂಡೆ. ಏಳುವಾಗ ಇಬ್ಬರು ಕೈಗೊಡಬೇಕಾಯಿತು. ಜಂಗಮವೆಂದರೆ ಚಲಿಸುವುದು ಎಂದು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದವನು ಸ್ವತಃ ಸ್ಥಾವರವಾಗಿದ್ದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಸಾವಿನ ಭಯಕ್ಕಿಂತ, ನಾಳೆ ಇನ್ನೊಬ್ಬರು ಎತ್ತಿ ಕೂರಿಸಬೇಕಾದೀತೆಂಬ ಭಯ ದೊಡ್ಡದು.

ವೈದ್ಯರು ಹೃದಯವನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿ ಒಪ್ಪಿಗೆಯಿತ್ತ ಮೇಲೆಯೇ ಆರಂಭಿಸಿದೆ. ಒಂದು ದೀಪದ ಕಂಬದಿಂದ ಮುಂದಿನದಕ್ಕೆ ಓಟ, ಅಲ್ಲಿಂದ ಎರಡು ಕಂಬ ನಡಿಗೆ. ಓಡುತ್ತಲೇ ಒಂದು ವಚನವನ್ನು ಗಟ್ಟಿಯಾಗಿ ಹೇಳಿಕೊಳ್ಳುವೆ. ನಡುವೆ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿಯುವೆ. ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಸೂರ್ಯ ಮೇಲೇರುವ ಮೊದಲೇ ಮನೆ ಸೇರಬೇಕು. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯಾದರೂ ಇರಲಿ, ಅರವತ್ತೈದು ದಾಟಿದವರು ಸಮತೋಲನದ ವ್ಯಾಯಾಮವನ್ನೂ ಮಾಡಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಒಂಟಿಕಾಲಿನಲ್ಲಿ ನಿಂತು ಹಲ್ಲುಜ್ಜುವುದನ್ನು ನಾನು ಅಂದಿನಿಂದ ರೂಢಿಸಿಕೊಂಡಿದ್ದೇನೆ. ಮೊಮ್ಮಗಳು ಇದಕ್ಕೆ ಕೊಕ್ಕರೆಯ ತಪಸ್ಸೆಂದು ಹೆಸರಿಟ್ಟಿದ್ದಾಳೆ.

ಪಂಜಾಬಿನ ಫೌಜಾ ಸಿಂಗ್ ಎಂಬತ್ತು ದಾಟಿದ ಮೇಲೆ ಓಟಕ್ಕಿಳಿದು 2000ದಲ್ಲಿ ಲಂಡನ್ನಿನ ಮ್ಯಾರಥಾನ್ ಓಡಿದರು. 2011ರಲ್ಲಿ, ತಮ್ಮ ಲೆಕ್ಕದ ನೂರನೆಯ ವಯಸ್ಸಿನಲ್ಲಿ, ಟೊರಾಂಟೊದ ಮ್ಯಾರಥಾನನ್ನೂ ಮುಗಿಸಿದರು. ಜನನಪತ್ರ ಇರಲಿಲ್ಲವೆಂದು ಗಿನ್ನೆಸ್ ಪುಸ್ತಕ ಆ ದಾಖಲೆಯನ್ನು ಒಪ್ಪಲಿಲ್ಲ. ಕಾಲುಗಳ ಸಾಕ್ಷ್ಯಕ್ಕಿಂತ ಕಾಗದದ ಸಾಕ್ಷ್ಯ ಮೇಲು ತಾನೆ! 2025ರ ಜುಲೈಯಲ್ಲಿ ತಮ್ಮ ಹಳ್ಳಿಯ ಬಳಿ ಅವರು ತೀರಿಕೊಂಡದ್ದು ಮುಪ್ಪಿನಿಂದಲ್ಲ, ವಾಹನ ಬಡಿದು. ಆ ಸುದ್ದಿ ಓದಿದ ಮೇಲೆ ನಾನು ಹೆದ್ದಾರಿಯ ಅಂಚಿನಲ್ಲಿ ನಡೆಯುವುದನ್ನು ಬಿಟ್ಟೆ.

ಹಾಗಾಗಿ ಭಾನುವಾರಗಳಂದು ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತೇನೆ. ಅಲ್ಲಿಯ ಕೆಂಬಾಳೆ ಭೌಗೋಳಿಕ ಸೂಚ್ಯಂಕ ಪಡೆದ ಹಣ್ಣು. ಕೆಂಪೇರಿದ ದಿಂಡು, ಎತ್ತರದ ಗಿಡ. ಗೊನೆ ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು. ಅವಸರವಿಲ್ಲದ ಆ ತೋಟಗಳ ಪಕ್ಕದಲ್ಲಿ ನಡೆಯುವಾಗ ಕೈಗಡಿಯಾರ ನೋಡಲು ನನಗೆ ನಾಚಿಕೆಯಾಗುತ್ತದೆ.

ಕಳೆದ ಮಳೆಗಾಲದಲ್ಲೊಮ್ಮೆ ಉತ್ಸಾಹದಲ್ಲಿ ಲೆಕ್ಕ ತಪ್ಪಿತು. ತೊಗರಿ ಹೊಲಗಳ ಬದುವಿನಲ್ಲಿ ಬಹಳ ದೂರ ಸಾಗಿದ್ದೆ; ಮಳೆ ಸುರಿಯಿತು. ಎರೆಮಣ್ಣು ಬೂಟಿಗೆ ಅಂಟುತ್ತ, ಹೆಜ್ಜೆಹೆಜ್ಜೆಗೂ ಸೇರು ಸೇರು ತೂಕ ಕೂಡುತ್ತ ಬಂತು. ಹೋಗುವಷ್ಟು ಶಕ್ತಿ ಇತ್ತು, ಮರಳುವಷ್ಟು ಉಳಿದಿರಲಿಲ್ಲ. ಬೇವಿನ ಮರದಡಿ ಕುಳಿತುಬಿಟ್ಟೆ. ಫೋನು ತೆಗೆದು ಮಗನ ಹೆಸರಿನ ಮೇಲೆ ಬೆರಳಿಟ್ಟೆ, ಒತ್ತಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಹೆಗಲಿಗೆ ಗೋಣಿಚೀಲ ಹೊದ್ದು ಬಂದ ರೈತನೊಬ್ಬ, ನನಗಿಂತ ಹಿರಿಯನೇ ಇರಬೇಕು, ನನ್ನ ಪಾದಗಳನ್ನು ನೋಡಿ ನಕ್ಕ. “ಬೂಟ್ ಬಿಚ್ಚ್ರಿ ಮಾಸ್ತರ್ರೇ, ಕೈಯಾಗ ಹಿಡ್ಕೊಳ್ರಿ. ಈ ಮಣ್ಣಾಗ ಬರಿಗಾಲೇ ಬೇಕ್ರಿ.”

ಅವನ ಹೆಜ್ಜೆಯ ಗುರುತಿನಲ್ಲೇ ಹೆಜ್ಜೆಯಿಟ್ಟು, ಮೂರು ಕಡೆ ಕುಳಿತು ಎದ್ದು, ಬಸ್ ನಿಲ್ದಾಣ ತಲುಪಿದೆ. ಕೂತಲ್ಲಿಂದ ಏಳುವಾಗ ಅವನು ಕೈ ಚಾಚಿದ. ಬೇಡವೆಂದು ನಾನೇ ಎದ್ದೆ. ಈಗ ಹೊರಟ ಕೂಡಲೇ ಸಮಯ ನೋಡಿಕೊಂಡು, ದಣಿವು ತೋರುವ ಮೊದಲೇ ಹಿಂದಿರುಗುತ್ತೇನೆ. ಆ ದಿನದ ಸಂಗತಿಯನ್ನು ಮನೆಯಲ್ಲಿ ಹೇಳಿರಲಿಲ್ಲ. ಮಗ ಇಂದು ರೇಡಿಯೋ ಹಾಕಿದ್ದರೆ ಈಗ ತಿಳಿದಿರುತ್ತದೆ.