ಒಂದೇ ಕಂಬದ ಮೇಜು, ಮುರಿದ ಒಂದು ಕಾಲು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಿರೋರಿಗೆ ಇವತ್ತು ಒಂದು ಮೇಜಿನ ಕಥೆ. ಮೇಲೆ ದುಂಡು ಹಲಗೆ, ನಡುವೆ ಒಂದೇ ಕಂಬ, ಕೆಳಗೆ ಬಾಗಿದ ಮೂರು ಕಾಲು. ಇದನ್ನೇ ಪೆಡೆಸ್ಟಲ್ ಟೇಬಲ್ ಅಂತಾರೆ.

ಮೊದಲ ಸಲ ಇಂಥದ್ದೊಂದನ್ನ ಮಾಡಿದ್ದು ನಮ್ಮ ಅಜ್ಜಿಗೋಸ್ಕರ. ನೋಡೋಕೆ ಚೆನ್ನಾಗೇ ಇತ್ತು. ಎರಡನೇ ವಾರ ಅಜ್ಜಿ ಕುರ್ಚಿಯಿಂದ ಏಳೋವಾಗ ಅದರ ಮೇಲೆ ಕೈ ಊರಿದ್ರು. ಪಟ್ ಅಂತ ಒಂದು ಕಾಲು ಮುರೀತು. ಪಕ್ಕದಲ್ಲಿ ಗೋಡೆ ಇತ್ತು, ಬೀಳಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುರಿದ ಕಾಲನ್ನ ತಿರುಗಿಸಿ ನೋಡಿದೆ. ಅಂಟು ಬಿಟ್ಟಿರಲಿಲ್ಲ, ಜಾಯಿಂಟ್ ಗಟ್ಟಿಯಾಗಿತ್ತು. ಮರವೇ ಸೀಳಿತ್ತು. ಸೌದೆ ಒಡೆದವರಿಗೆ ಇದು ಗೊತ್ತು: ಎಳೆಯ ಉದ್ದಕ್ಕೆ ಕೊಡಲಿ ಬಿದ್ರೆ ಸಲೀಸಾಗಿ ಸೀಳುತ್ತೆ, ಅಡ್ಡ ಬಿದ್ರೆ ಜಗ್ಗಲ್ಲ. ಹಲಗೆ ಉಳಿಸೋ ಆಸೆಗೆ ನಾನು ಕಾಲಿನ ಆಕಾರವನ್ನ ಹೇಗೆ ಹಿಡಿಸಿತೋ ಹಾಗೆ ಬರ್ಕೊಂಡಿದ್ದೆ. ಕಾಲು ತೀರಾ ಸಣ್ಣಗಾಗೋ ಜಾಗದಲ್ಲೇ ಎಳೆ ಅಡ್ಡ ಹಾದಿತ್ತು.

ಎರಡನೇ ಮೇಜಿಗೆ ರಟ್ಟಿನಲ್ಲಿ ಕಾಲಿನ ಅಚ್ಚು ಕತ್ತರಿಸಿ, ತೇಗದ ಹಲಗೆ ಮೇಲೆ ತಿರುಗಿಸಿ ತಿರುಗಿಸಿ ಇಟ್ಟು ನೋಡಿದೆ. ಸಣ್ಣ ಜಾಗದಲ್ಲಿ ಎಳೆ ಉದ್ದಕ್ಕೆ ಹೋಗ್ಬೇಕು. ಅದಕ್ಕೆ ಬಾಗನ್ನೂ ಸ್ವಲ್ಪ ಕಮ್ಮಿ ಮಾಡಿದೆ. ಹಲಗೆ ಜಾಸ್ತಿ ವೇಸ್ಟ್ ಆಯ್ತು, ಆಗ್ಲಿ.

ಇನ್ನೊಂದು ವಿಷಯ, ಜಾಯಿಂಟ್ ಮೊದಲು, ಆಕಾರ ಆಮೇಲೆ. ಕಾಲಿನ ತುಂಡು ಚೌಕವಾಗಿ ಇರುವಾಗಲೇ ಡವ್‌ಟೇಲ್ ಕತ್ತರಿಸಿ. ದುಂಡಗೆ ಮಾಡಿದ ಮೇಲೆ ಅಳತೆ ಹಿಡಿಯೋಕೆ ನೇರ ಅಂಚೇ ಸಿಗಲ್ಲ. ಲೇತ್‌ನಲ್ಲಿ ಕಡೆದ ಕಂಬದ ಬುಡದಲ್ಲಿ 120 ಡಿಗ್ರಿಗೊಂದರಂತೆ ಮೂರು ಕಡೆ ಚಪ್ಪಟೆ ಮಾಡಿ ಗಾಡಿ ಕೊರೆದ್ರೆ, ಕಾಲುಗಳು ಸಂದಿಲ್ಲದೆ ಕೂರುತ್ತವೆ.

ಕಾಲನ್ನ ನಯ ಮಾಡೋದು ಸ್ಪೋಕ್‌ಶೇವ್‌ನಿಂದ. ಬಾಗಿನ ಎತ್ತರದಿಂದ ತಗ್ಗಿಗೆ ಎಳೀಬೇಕು; ಉಲ್ಟಾ ಎಳೆದ್ರೆ ಎಳೆ ಕಿತ್ತು ಬರುತ್ತೆ. ಆಮೇಲೆ 120, 180, 220 ನಂಬರಿನ ಉಪ್ಪುಕಾಗದ. ಕೊನೆಗೆ ಕಣ್ಣು ಮುಚ್ಚಿ ಸವರಿ ನೋಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತೆ.

ಮೇಲಿಂದ ಭಾರ ಬಿದ್ದಾಗ ಮೂರೂ ಕಾಲು ಹೊರಗೆ ಜಾರೋಕೆ ನೋಡ್ತವೆ, ಕಂಬದ ಬುಡ ಸೀಳೋಕೆ ಶುರುವಾಗುತ್ತೆ. 18ನೇ ಶತಮಾನದ ಇಂಗ್ಲಿಷ್ ಬಡಗಿಗಳು ಇಂಥ ಮೇಜುಗಳ ಅಡಿಗೆ ಮೂರು ಕವಲಿನ ಕಬ್ಬಿಣದ ಪಟ್ಟಿ ಬಡೀತಿದ್ರು. ನಾನೂ ಹಾಕಿದೆ.

ಇಷ್ಟಾದ್ರೂ ಮೂರು ಕಾಲಿನ ಮೇಜು ಎರಡು ಕಾಲುಗಳ ನಡುವಿನ ಅಂಚನ್ನ ಒತ್ತಿದ್ರೆ ವಾಲುತ್ತೆ. ಅದಕ್ಕೇ ಹೇಳಿದೆ, "ಅಜ್ಜಿ, ಏಳೋವಾಗ ಕುರ್ಚಿ ಕೈ ಹಿಡ್ಕೊಳ್ಳಿ."

"ಮೊದಲನೇದು ಮುರಿದಾಗ್ಲೇ ಕಲಿತೆ ಕಣೋ" ಅಂದ್ರು.

ಈಗ ಅದರ ಮೇಲೆ ಅವರ ಕನ್ನಡಕ, ಮಾತ್ರೆ ಡಬ್ಬಿ, ಕಾಫಿ ಲೋಟ ಇವೆ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.