ಯಂತ್ರದ ನೆನಪು
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವವರು ಈ ಸಭೆಯಲ್ಲಿ ಅನೇಕರಿದ್ದೀರಿ. ಲೋಹವನ್ನು ಕೊರೆಯುವ ಯಂತ್ರದ ಚಲನೆಯನ್ನು ಆಳುವುದು ಚಲನ ನಿಯಂತ್ರಕವೆಂಬ ಪುಟ್ಟ ಗಣಕ. ಅದರ ನೆನಪಿನ ರೀತಿಯನ್ನು ಇಂದು ತಿಳಿಸಬಯಸುತ್ತೇನೆ.

ಬೀಜಗಣಿತದಲ್ಲಿ ನೀವು ಬಲ್ಲ ಚರವೇ ಇಲ್ಲಿಯೂ ಇದೆ. ‘ಉದ್ದ’ ಎಂಬುದು ಒಂದು ಚರ. ಅದಕ್ಕೆ ಸ್ಮೃತಿಯಲ್ಲಿ ಒಂದು ಮನೆ. ತಿರುಪು ಒಂದು ಸುತ್ತು ತಿರುಗಿದರೆ ಮೇಜು 5 ಮಿಲಿಮೀಟರು ಸರಿಯುವುದೆಂದೂ, ಅಷ್ಟರಲ್ಲಿ ಎನ್‌ಕೋಡರು 2000 ಎಣಿಕೆ ಕೊಡುವುದೆಂದೂ ಭಾವಿಸಿರಿ. ಮಿಲಿಮೀಟರಿಗೆ 400 ಎಣಿಕೆಯಾಯಿತು. ಉದ್ದವು 250 ಆದರೆ ಯಂತ್ರವು 1,00,000 ಎಣಿಕೆಯಷ್ಟು ಚಲಿಸುವುದು. 300 ಎಂದು ತಿದ್ದಿದರೆ 1,20,000. ಪ್ರೋಗ್ರಾಮಿನ ಒಂದಕ್ಷರವನ್ನೂ ಬದಲಿಸಬೇಕಿಲ್ಲ.

ಆ ಮನೆಯಿರುವುದು ಸಾಮಾನ್ಯವಾಗಿ ರ‍್ಯಾಮ್ ಎಂಬ ಸ್ಮೃತಿಯಲ್ಲಿ. ಅದು ಸ್ಲೇಟಿನಂತೆ, ಬರೆಯುವುದು ಶೀಘ್ರ, ವಿದ್ಯುತ್ತು ಹೋದೊಡನೆ ಅಳಿಯುವುದೂ ಶೀಘ್ರ. ಫ್ಲ್ಯಾಶ್ ಸ್ಮೃತಿಯು ಶಾಸನದ ಕಲ್ಲಿನಂತೆ; ವಿದ್ಯುತ್ತಿಲ್ಲದೆಯೂ ಉಳಿಯುತ್ತದೆ. ಆದರೆ ಅಲ್ಲಿ ಬರೆಯುವುದು ನಿಧಾನ, ಎಷ್ಟು ಸಲ ಅಳಿಸಿ ಬರೆಯಬಹುದೆಂಬುದಕ್ಕೂ ಮಿತಿಯುಂಟು. ಆದುದರಿಂದ ಕ್ಷಣಕ್ಷಣಕ್ಕೂ ಮಾರ್ಪಡುವುದನ್ನು ಸ್ಲೇಟಿನಲ್ಲಿಟ್ಟು, ಉಳಿಯಬೇಕಾದುದನ್ನು ಮಾತ್ರ ಆಜ್ಞೆಕೊಟ್ಟು ಕಲ್ಲಿಗೇರಿಸಬೇಕು. ಸಂಜೆ ತಿದ್ದಿದ ಅಂಕಿಯನ್ನು ಉಳಿಸದೆ ಹೋದರೆ, ಬೆಳಿಗ್ಗೆ ಯಂತ್ರವು ಕಲ್ಲಿನಲ್ಲಿರುವ ಹಳೆಯ ಅಂಕಿಯಂತೆಯೇ ನಡೆದೀತು. ಕೆಲಸ ಕೆಟ್ಟೀತು, ಉಪಕರಣ ಮುರಿದೀತು, ಕೆಲಸಗಾರನ ಕೈಗೂ ಅಪಾಯವಾದೀತು.

ಕನ್ನಡದಲ್ಲಿ ಓದಿದವನಿಗೆ ಯಂತ್ರವಿದ್ಯೆ ದಕ್ಕದೆಂಬ ಶಂಕೆ ಕೆಲವು ಪೋಷಕರಿಗಿದೆ. ಈಗ ನಾನು ಹೇಳಿದುದನ್ನು ಈ ರಾತ್ರಿ ನಿಮ್ಮ ಮಗುವಿನಿಂದಲೇ ಹೇಳಿಸಿ ನೋಡಿರಿ. ತಿಳಿದು ಹೇಳಿದರೆ ಆ ಶಂಕೆಯನ್ನು ಸ್ಲೇಟಿನಿಂದ ಅಳಿಸಿಬಿಡಿ. ಮಕ್ಕಳೇ, ಕಲಿತುದನ್ನು ಮಾತ್ರ ನೀವು ಕಲ್ಲಿಗೇರಿಸಿರಿ.