ಎಲ್ಲರೂ ಒಮ್ಮೆಗೇ ಮಲಗುವುದಿಲ್ಲ
(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ರಾತ್ರಿಯೆಲ್ಲ ಗದ್ದೆಯ ಮಾಳದಲ್ಲಿ ಕುಳಿತು ಹಂದಿ ಕಾದವರು ಈ ಸಭೆಯಲ್ಲಿ ಹಲವರಿದ್ದೀರಿ. ನಿದ್ದೆಯ ಬೆಲೆಯನ್ನು ನಿಮಗೆ ನಾನು ತಿಳಿಸಬೇಕಾಗಿಲ್ಲ. ನಿದ್ದೆಗೂ ಮರಕ್ಕೂ ಇರುವ ನಂಟನ್ನು ಕುರಿತು ಮಾತ್ರ ಕೆಲವು ಮಾತು ಹೇಳಬಯಸುತ್ತೇನೆ.

ಮಂಗಗಳು ಕೊಂಬೆಯ ಮೇಲೆ ಕುಳಿತೇ ನಿದ್ರಿಸುತ್ತವೆ. ಚಿಂಪಾಂಜಿ ಹಾಗಲ್ಲ, ಪ್ರತಿ ಸಂಜೆ ಕೊಂಬೆಗಳನ್ನು ಬಾಗಿಸಿ, ಹೆಣೆದು, ಹೊಸ ಹಾಸಿಗೆ ಕಟ್ಟಿಕೊಳ್ಳುತ್ತದೆ. ಅದೂ ಸಿಕ್ಕ ಮರದಲ್ಲಲ್ಲ. ಉಗಾಂಡದ ಟೊರೊ-ಸೆಮ್ಲಿಕಿ ಅರಣ್ಯದಲ್ಲಿ ಡೇವಿಡ್ ಸ್ಯಾಮ್ಸನ್ ಮತ್ತು ಕೆವಿನ್ ಹಂಟ್ 1,844 ಗೂಡುಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಯ ಮರಗಳಲ್ಲಿ 'ಉಗಾಂಡದ ಕಬ್ಬಿಣಮರ' ಶೇ. 9.6ರಷ್ಟು ಮಾತ್ರ. ಆದರೆ ಗೂಡುಗಳಲ್ಲಿ ಶೇ. 73.6ರಷ್ಟು ಆ ಒಂದೇ ಜಾತಿಯ ಮರದಲ್ಲಿದ್ದವು! ಅದರ ಕೊಂಬೆ ಗಟ್ಟಿ, ಬಾಗಿದರೂ ಸುಲಭವಾಗಿ ಮುರಿಯದು.

ನಮ್ಮ ಪೂರ್ವಿಕರು ಮರ ಬಿಟ್ಟು ನೆಲಕ್ಕೆ ಇಳಿದು ಮಲಗಿದರು. ಅದರ ಪರಿಣಾಮವೇನು? ಚಾರ್ಲ್ಸ್ ನನ್ ಮತ್ತು ಸ್ಯಾಮ್ಸನ್ 2018ರಲ್ಲಿ 30 ಪ್ರೈಮೇಟ್ ಜಾತಿಗಳನ್ನು ಹೋಲಿಸಿ ನೋಡಿದರು. ನಮ್ಮ ದೇಹ, ಮಿದುಳುಗಳ ಲೆಕ್ಕದಲ್ಲಿ ಮನುಷ್ಯನು ಒಂಬತ್ತೂವರೆ ಗಂಟೆ ಮಲಗಬೇಕಿತ್ತು. ಮಲಗುವುದು ಏಳು ಗಂಟೆ. ಕಡಿಮೆಯಾದದ್ದು ಹೆಚ್ಚಾಗಿ ಕನಸಿಲ್ಲದ ನಿದ್ದೆ. ಬೆಂಕಿ, ಗುಂಪು ಮತ್ತು ನೆಲದ ಅಪಾಯಗಳ ನಡುವೆ ಚಿಕ್ಕದಾದರೂ ಗಾಢವಾದ ನಿದ್ದೆ ರೂಪುಗೊಂಡಿತೆಂಬುದು ಅವರ ಊಹೆ. ಊಹೆಯೆಂದೇ ತಿಳಿಯಿರಿ, ಆ ಕಾಲದ ನಿದ್ದೆಯನ್ನು ಅಳೆದವರಿಲ್ಲ.

ಆದರೆ ಟಾಂಜಾನಿಯಾದ ಹಡ್ಜಾ ಜನರ ನಿದ್ದೆಯನ್ನು ಅಳೆದಿದ್ದಾರೆ. ಬೇಟೆ, ಜೇನು, ಗೆಡ್ಡೆಗೆಣಸುಗಳಿಂದ ಬಾಳುವ ಆ ಸಮುದಾಯದ 33 ವಯಸ್ಕರ ಕೈಗೆ ಪುಟ್ಟ ಉಪಕರಣ ಕಟ್ಟಿ 20 ದಿನ ನೋಡಲಾಯಿತು. ಅಷ್ಟೂ ದಿನಗಳಲ್ಲಿ ಎಲ್ಲರೂ ಏಕಕಾಲದಲ್ಲಿ ನಿದ್ರಿಸಿದ್ದು ಒಟ್ಟು 18 ನಿಮಿಷ! ಯಾರನ್ನೂ ಕಾವಲಿಗೆ ನೇಮಿಸಿರಲಿಲ್ಲ. ವೃದ್ಧರು ಬೇಗ ಮಲಗಿ ಬೇಗ ಎದ್ದರು, ಕಿರಿಯರು ತಡವಾಗಿ ಮಲಗಿದರು. ವಯಸ್ಸಿನ ವ್ಯತ್ಯಾಸವೇ ಕಾವಲಾಯಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ಮೇಲೆ, ಬೆಳಗಿನ ಜಾವ ಮೂರಕ್ಕೇ ಎದ್ದು ಕೆಮ್ಮುತ್ತ ಒಲೆ ಹಚ್ಚುವ ಅಜ್ಜನನ್ನು ನಾನು ಬೈಯುವುದಿಲ್ಲ.

ಮತ್ತೆ ಮರಕ್ಕೆ ಬರೋಣ. ಕೀನ್ಯಾದ ಬಬೂನ್‌ಗಳಿಗೆ ಕೊರಳಪಟ್ಟಿ ತೊಡಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರಿಚಯ ಕಡಿಮೆಯಿದ್ದ ತಾಣದಲ್ಲಿ ತಂಗಿದ ರಾತ್ರಿ ಅವು ಕಡಿಮೆ ನಿದ್ರಿಸಿದ್ದು ಕಂಡುಬಂತು. ಹಿಂದಿನ ರಾತ್ರಿಯ ನಿದ್ದೆಯ ಬಾಕಿಯನ್ನೂ ಅವು ತೀರಿಸಿಕೊಳ್ಳಲಿಲ್ಲ. ನಮ್ಮ ಘಟ್ಟದ ಸಿಂಗಳೀಕವು ಎತ್ತರದ ಮರಗಳ ನೆತ್ತಿಯಲ್ಲೇ ಬಾಳುವ ಜೀವಿ. ಕಾಡು ಕಡಿಯುವಾಗ ಹಣ್ಣಿನ ಮರಗಳು ಹೋದುವೆಂದು ಮರುಗುತ್ತೇವೆ, ಮಲಗುವ ಮರಗಳನ್ನು ಕೇಳುವವರಿಲ್ಲ.

ಶಿಬಿರ ಮುಗಿಯಲು ಇನ್ನೂ ಎರಡು ಸಂಜೆಗಳಿವೆ. ಕತ್ತಲಾಗುವ ಮೊದಲು ದೂರದಲ್ಲಿ ಸದ್ದಿಲ್ಲದೆ ಕುಳಿತು, ಮಂಗಗಳು ಯಾವ ಮರ ಏರುತ್ತವೆ, ಮರುದಿನವೂ ಅದನ್ನೇ ಏರುತ್ತವೆಯೇ ಎಂದು ಬರೆದುಕೊಳ್ಳಿ. ಮರದ ಹೆಸರು ತಿಳಿಯದಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರನ್ನು ಕೇಳಿ.